ಇಳಿದ ಮೇಲೆ ಬಿಚ್ಚುವ ಚೀಲ

ಏಪ್ರಿಲ್ ಹನ್ನೆರಡು, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿ,

ಮೊದಲು ಬೂಟು ಬಿಚ್ಚಿ ಕೂತುಕೋ. ಒದ್ದೆ ಕಾಲುಚೀಲ ತೆಗೆದು ಇದರಲ್ಲಿರುವ ಒಣದನ್ನು ಹಾಕಿಕೋ. ಬಿಸಿಯಾಗಿ ಏನಾದರೂ ಕುಡಿ. ಆಮೇಲೆ ಓದು. ನಿನ್ನ ಬುದ್ಧಿ ನನಗೆ ಗೊತ್ತು, ಕಾಗದ ಕಂಡರೆ ನಿಂತಲ್ಲೇ ಓದುವವಳು ನೀನು.

ನೀನು ಇದನ್ನು ಓದುತ್ತಿದ್ದೀಯ ಎಂದರೆ ಇಳಿದು ಬಂದಿದ್ದೀಯ ಎಂದೇ ಅರ್ಥ, ಹಾಗಾಗಿ ಕ್ಷೇಮವೇ ಎಂದು ಕೇಳುವುದಿಲ್ಲ. ನಾನು ಚೆನ್ನಾಗಿದ್ದೇನೆ, ಮಂಡಿನೋವು ಒಂದು ಬಿಟ್ಟರೆ. ಇದನ್ನು ಬರೆಯುವಾಗ ನೀನಿನ್ನೂ ಗೋಡೆಯ ಆಚೆಗಿದ್ದೀಯ, ಜಿಪ್ಪು ಎಳೆಯುವ ಸದ್ದು ಕೇಳುತ್ತಿದೆ. ನಡುವೆ ಒಮ್ಮೆ "ಅಮ್ಮಾ, ನನ್ನ ಇನ್ನೊಂದು ಗ್ಲೌಸ್ ಎಲ್ಲಿ?" ಎಂದು ಕೂಗಿದೆ. ನಿನ್ನ ಕೈಯಲ್ಲೇ ಇತ್ತಂತೆ. ಇವಳು ಅಷ್ಟು ಎತ್ತರ ಹತ್ತುತ್ತಾಳಂತೆ, ದೇವರೇ ಕಾಪಾಡಬೇಕು.

ತಡವಾಗಿ ಹೇಳುತ್ತಿರುವುದಕ್ಕೆ ಕ್ಷಮಿಸು. ಈ ಕಾಗದದಲ್ಲಿರುವುದನ್ನು ನಿನಗೆ ಈ ವಾರವೇ ಹೇಳಬೇಕಿತ್ತು. ಹೊಟ್ಟೆಯಲ್ಲೇ ಇಟ್ಟುಕೊಂಡು ನಿನ್ನನ್ನು ಕಳಿಸುತ್ತಿದ್ದೇನೆ. ಯಾಕೆ ಎಂದು ಓದುತ್ತಾ ಹೋದರೆ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಸಿಟ್ಟು ಬಂದರೆ ಮನೆಗೆ ಬಂದು ಜಗಳವಾಡು, ಕಾದಿರುತ್ತೇನೆ. ನಿನಗೆ ಗೊತ್ತಿರುವ ವಿಷಯವನ್ನೂ ಮಧ್ಯೆ ಮಧ್ಯೆ ಬರೆಯುತ್ತೇನೆ, ಬೇಜಾರಾಗಬೇಡ. ನೀನು ನೋಡಿದ್ದು ಒಂದು, ನಾನು ನೋಡಿದ್ದು ಇನ್ನೊಂದು.

ನಿಮ್ಮ ಬೆಟ್ಟ ಹತ್ತುವವರ ಪದ್ಧತಿಗಳಲ್ಲಿ ನನಗೆ ಇಷ್ಟವಾಗಿದ್ದು ಈ ಚೀಲ ಒಂದೇ. ಮೇಲೆ ಹೊರುವುದನ್ನೆಲ್ಲ ಹತ್ತುವವರೇ ತುಂಬಿಕೊಳ್ಳಬೇಕು, ಇಳಿದ ಮೇಲಿನ ಚೀಲವನ್ನು ಮಾತ್ರ ಮನೆಯವರು ತುಂಬಬೇಕು. ಒಗೆದ ಅಂಗಿ, ಸೋಪು, ತಿನ್ನಲು ಏನಾದರೂ, ಮನೆಯ ಬೀಗದ ಕೈ. ಬೇಸ್ ಕ್ಯಾಂಪಿನಲ್ಲಿ ಅಡುಗೆಯವರ ಡೇರೆಯಲ್ಲಿ ಅದು ಕಾದಿರುತ್ತದೆ. ಇಳಿದು ಬಂದವರು ತಮ್ಮ ಕೈಯಾರೆ ಬಿಚ್ಚಬೇಕು. ಇಳಿದು ಬಾರದವರದನ್ನು ಯಾರೂ ಬಿಚ್ಚಬಾರದು, ಕಟ್ಟಿದ್ದು ಕಟ್ಟಿದ ಹಾಗೇ ಮನೆಗೆ ಬರಬೇಕು. ನಿಮ್ಮಪ್ಪನದು ಹಾಗೇ ಬಂತು, ಟ್ರಂಕಿನೊಳಗೆ. ನಿನಗಾಗ ಒಂಬತ್ತು ವರ್ಷ. ಆ ಟ್ರಂಕಿನ ಮುಚ್ಚಳ ಕೂಡ ಎತ್ತದೆ ಅಟ್ಟಕ್ಕೇರಿಸಿದೆ. ಹನ್ನೆರಡು ವರ್ಷ ಅದು ಅಲ್ಲೇ ಧೂಳು ತಿಂದಿತು.

ಅದನ್ನು ಹೊತ್ತು ತಂದವರು ನಿನ್ನ ಹಗ್ಗದ ಮಾಮ. ಯಾವಾಗ ನೋಡಿದರೂ ಹೆಗಲ ಮೇಲೆ ಒಂದು ಸುರುಳಿ ಹಗ್ಗ ಇರುತ್ತಿತ್ತು ಎಂದು ನೀನೇ ಇಟ್ಟ ಹೆಸರು. ನಿಮ್ಮಪ್ಪನೂ ಅವರೂ ಒಂದೇ ಹಗ್ಗದ ಎರಡು ತುದಿಗೆ ಕಟ್ಟಿಕೊಂಡು ಹತ್ತುತ್ತಿದ್ದವರು. ಆ ಸಲ ಎಡಗಾಲಿನ ಎರಡು ಬೆರಳು ಕಳೆದುಕೊಂಡು ಕುಂಟುತ್ತಾ ಬಂದರು. ಬಾಗಿಲಲ್ಲಿ ಟ್ರಂಕು ಇಳಿಸಿ, ನೆಲ ನೋಡಿಕೊಂಡೇ ಹೇಳಿದರು: "ವಾಪಸ್ ಬರುವಾಗ ಮೇಲೇ ಹಿಮ ಜಾರಿತು ಅತ್ತಿಗೆ. ಇಬ್ರೂ ಒಟ್ಟಿಗೇ ಇದ್ವಿ. ಒಂದು ಕ್ಷಣ ಅಷ್ಟೆ. ಅವನಿಗೆ ಏನೂ ಗೊತ್ತಾಗಿರಲ್ಲ." ನಂಬಿದೆ. ಬೇರೆ ಏನು ಮಾಡುವುದಿತ್ತು?

ನಂಬಿದೆ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನಲ್ಲಿ ಕೂತೇ ಕೂದಲು ನರೆತವಳು ನಾನು. ನೆಟ್ಟಗಿರುವ ಪಾರ್ಸಲ್ಲನ್ನೂ ಒಮ್ಮೆ ಅಲ್ಲಾಡಿಸಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. "ಅಮ್ಮ ಮನುಷ್ಯರನ್ನೂ ಅಲ್ಲಾಡಿಸಿ ನೋಡ್ತಾಳೆ" ಎಂದು ನೀನು ಎಷ್ಟು ಸಲ ನಕ್ಕಿಲ್ಲ? ಅಲ್ಲವೇ ಮತ್ತೆ? ನಮ್ಮ ನಲ್ಲಿ ಕೆಟ್ಟರೆ ನಿನ್ನ ಮಾಮನೇ ಬರುತ್ತಿದ್ದರು. ಸಿಲಿಂಡರ್ ಖಾಲಿಯಾದರೆ ಅವರೇ ಹೊತ್ತು ತರುತ್ತಿದ್ದರು. ಮಳೆ ಬಂದರೆ ನಿನ್ನ ಶಾಲೆಯ ಗೇಟಿನಲ್ಲಿ ಕೊಡೆ ಹಿಡಿದು ನಿಂತಿರುತ್ತಿದ್ದರು. ಇಷ್ಟೆಲ್ಲ ಮಾಡಿದವರು ನಮ್ಮ ಮನೆಯಲ್ಲಿ ಕಾಫಿ ಕುಡಿಯುವಾಗ ಒಂದು ದಿನವೂ ನಿಮ್ಮಪ್ಪನ ಫೋಟೋಕ್ಕೆ ಎದುರಾಗಿ ಕೂತಿದ್ದಿಲ್ಲ. ಬೆನ್ನು ಹಾಕಿಯೇ ಕೂರುವುದು. ನೀನು ಗಮನಿಸಿರಲಿಕ್ಕಿಲ್ಲ, ನಾನು ಗಮನಿಸಿದ್ದೆ. ನಿನ್ನ ದೊಡ್ಡಮ್ಮ ಅವಳದೇ ಲೆಕ್ಕ ಹಾಕಿದ್ದಳು. "ಅವನಿಗೆ ನಿನ್ನ ಮೇಲೆ ಕಣ್ಣು ಕಣೇ. ಸುಮ್ಮನೆ ಯಾರು ನಲ್ಲಿ ರಿಪೇರಿ ಮಾಡ್ತಾರೆ?" ಎಂದಳು. "ಕಣ್ಣಿಟ್ಟವ್ನು ಮುಖ ಎತ್ತಿ ನೋಡಲ್ವೇನೇ? ಇವ್ರು ನನ್ನ ಕಾಲಿನ ಹೆಬ್ಬೆರಳು ಬಿಟ್ಟು ಬೇರೇನೂ ನೋಡಿಲ್ಲ" ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಅಂಥವರ ಕೈಯಲ್ಲೇ ನೀನು ಹತ್ತುವುದನ್ನು ಕಲಿತೆ. ಈಗ ಅದೇ ಶಿಖರಕ್ಕೆ, ಅದೇ ಮನುಷ್ಯನ ಹಗ್ಗದ ಇನ್ನೊಂದು ತುದಿಗೆ ಹೊರಟಿದ್ದೀಯ. "ಬೂಟು, ಕೋಟು ಎಲ್ಲ ಆಮೇಲಿಂದು ಅಮ್ಮ. ಯಾರ ಜತೆ ಹಗ್ಗ ಕಟ್ಕೊಳ್ತೀವಿ ಅನ್ನೋದೇ ಮುಖ್ಯ. ಅವ್ರು ಒಂದು ಸಣ್ಣ ಸುಳ್ಳು ಹೇಳಿದ್ರೂ ಮುಗೀತು" ಎಂದು ನೀನೇ ನನಗೆ ಪಾಠ ಮಾಡಿದ್ದೆ. ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು.

ಎರಡು ವಾರದಿಂದ ನಮ್ಮ ನಡುಮನೆ ಮನೆಯ ಹಾಗಿಲ್ಲ, ನನ್ನ ಕಚೇರಿಯ ಟಪ್ಪಾಲು ವಿಂಗಡಿಸುವ ಕೋಣೆಯಂತಾಗಿದೆ. ನೆಲಕ್ಕೆ ನನ್ನ ಒಳ್ಳೆಯ ಹೊದಿಕೆ ಹಾಸಿ ಅದರ ಮೇಲೆ ಸ್ಟವ್, ಗ್ಯಾಸಿನ ಡಬ್ಬಿ, ಒಂದರೊಳಗೊಂದು ಹಾಕುವ ಮೂರು ಜತೆ ಗ್ಲೌಸ್, ಕಪ್ಪು ಕನ್ನಡಕ, ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳು. ಅಡುಗೆಮನೆಯ ತಕ್ಕಡಿ ನಡುಮನೆಗೆ ಹೋಗಿ ನಾನು ಕೈ ಅಂದಾಜಿನಲ್ಲೇ ಅಡುಗೆ ಮಾಡುತ್ತಿದ್ದೇನೆ. ತೂಕ ಕಮ್ಮಿಯಾಗಲಿ ಎಂದು ನೀವಿಬ್ಬರೂ ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದಿರಿ. ಅಂಗಿಗಳ ಲೇಬಲ್ಲು ಕಿತ್ತಿರಿ. ನಕ್ಷೆಯ ಅಂಚು ಹರಿದಿರಿ. "ಹೀಗೇ ಬಿಟ್ರೆ ಉಗುರೂ ಕತ್ತರಿಸ್ತೀರಿ" ಎಂದು ನಾನು ನಕ್ಕರೆ ಮಾಮ ತಲೆಯೆತ್ತದೆ, "ಉಗುರು ಕತ್ತರಿಸ್ಲೇಬೇಕು ಅತ್ತಿಗೆ, ಇಳಿಯುವಾಗ ಬೂಟಿಗೆ ಒತ್ತುತ್ತೆ" ಎಂದರು. ತಮಾಷೆ ಮಾಡಿದರೆ ತಿಳಿಯುವ ಜಾತಿಯಲ್ಲ ಅದು.

ಆಗಲೇ ಅಲ್ಲವೇ ನೀನು ಅಪ್ಪನ ಹಿಮಕೊಡಲಿ ಬೇಕು ಎಂದದ್ದು? ನಾನು ಮಾಮನ ಕೈ ನೋಡುತ್ತಿದ್ದೆ. ಹಗ್ಗ ಸುತ್ತುತ್ತಿದ್ದ ಕೈ ನಿಂತಿತು. "ಹೊಸದೇ ತಗೊಳ್ಳೋಣ. ಹಳೇದು ತೂಕ ಜಾಸ್ತಿ. ಟ್ರಂಕು ಬೇರೆ ತುಕ್ಕು ಹಿಡಿದಿರುತ್ತೆ, ಅತ್ತಿಗೆಗೆ ಸುಮ್ನೆ ನೋವು ಯಾಕೆ" ಎಂದರು. ಒಂದು ಪ್ರಶ್ನೆಗೆ ಮೂರು ಉತ್ತರ ಕೊಟ್ಟ ಗಿರಾಕಿಯ ಪಾರ್ಸಲ್ಲನ್ನು ನಾನು ಬಿಚ್ಚಿಸದೆ ಬಿಟ್ಟವಳೇ ಅಲ್ಲ. ಮರುದಿನ ಬೆಳಿಗ್ಗೆ ನೀವು ಎದೆ ಪರೀಕ್ಷೆಗೆಂದು ಡಾಕ್ಟರ ಹತ್ತಿರ ಹೋದಾಗ ಏಣಿ ಹಾಕಿ ಟ್ರಂಕು ಇಳಿಸಿದೆ. ಮಂಡಿನೋವು ಶುರುವಾದದ್ದು ಅಲ್ಲಿಂದಲೇ.

ಒಳಗೆ ಹಿಮಕೊಡಲಿ ಇತ್ತು, ಎಣ್ಣೆ ಬಟ್ಟೆ ಸುತ್ತಿ. ಅದರ ಪಕ್ಕದಲ್ಲಿ ಚೀಲ. ಮುಟ್ಟಬಾರದು ಎಂದುಕೊಂಡೇ ನೋಡಿದೆ. ಗಂಟು ನನ್ನದಲ್ಲ.

ನಾನು ಕಟ್ಟುವುದು ಪಾರ್ಸಲ್ ಗಂಟು, ಚಪ್ಪಟೆಯಾಗಿ ಕೂರುತ್ತದೆ. ಅಲ್ಲಿದ್ದದ್ದು ಎಂಟರ ಅಂಕಿಯ ಹಾಗೆ ಹೊಸೆದ ಗಂಟು, ನಿಮ್ಮ ಹತ್ತುವವರದು. ಅದರ ಬಾಲವನ್ನು ಹೊರಗೆ ಬಿಡದೆ ತಿರುಗಿಸಿ ಗಂಟಿನ ಹೊಟ್ಟೆಯೊಳಗೇ ತೂರಿಸಿತ್ತು. ಅಲ್ಲಿಂದ ನಾಲ್ಕು ಬೆರಳು ಆಚೆಗೆ ದಾರ ಸೊಟ್ಟಗೆ ಮಡಚಿಕೊಂಡಿತ್ತು, ನನ್ನ ಗಂಟು ಮೊದಲು ಕೂತಿದ್ದ ಜಾಗ ಅದು. ಒಮ್ಮೆ ಬಿಚ್ಚಿ ಮತ್ತೆ ಕಟ್ಟಿದ ಪಾರ್ಸಲ್ಲನ್ನು ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲೆ. ಯಾರೋ ನಿಮ್ಮಪ್ಪನ ಚೀಲ ಬಿಚ್ಚಿದ್ದಾರೆ, ಬಿಚ್ಚಿ ಏನೂ ಆಗದ ಹಾಗೆ ಕಟ್ಟಿ ಕಳಿಸಿದ್ದಾರೆ.

ಕಳ್ಳತನ ಎಂದೇ ಅಂದುಕೊಂಡೆ. ಏನು ಕದಿಯುವುದಿತ್ತು ಅದರಲ್ಲಿ, ಅಂಗಿ, ಸೋಪು? ಅಯ್ಯೋ, ಬೀಗದ ಕೈ! ನಮ್ಮ ಮನೆಯ ಬೀಗದ ಕೈ ಯಾರ ಜೇಬಿಗೆ ಹೋಯಿತೋ, ನಾನು ಇಷ್ಟು ವರ್ಷ ಅದೇ ಬೀಗ ಜಡಿದು ಕೆಲಸಕ್ಕೆ ಹೋಗಿಬಂದೆನಲ್ಲ! ಟ್ರಂಕು ತಂದವರು ಯಾರು? ಮಾಮ. ಬಿಚ್ಚಬೇಡಿ ಎಂದವರು ಯಾರು? ಮಾಮ. ಟ್ರಂಕನ್ನು ಮತ್ತೆ ಅಟ್ಟಕ್ಕೇರಿಸಿ, ನಿನಗೆ ಹಿಮಕೊಡಲಿ ಕೊಟ್ಟು ಬಾಯಿಗೆ ಬೀಗ ಹಾಕಿಕೊಂಡೆ.

ಅವತ್ತು ಸಂಜೆ ರದ್ದಿ ಪೇಪರು ಕಟ್ಟಿಕೊಡಿ ಎಂದು ಅವರ ಕೈಗೆ ದಾರ ಕೊಟ್ಟೆ, ನೆನಪಿದೆಯೇ? "ಅಮ್ಮ, ಅದನ್ನೂ ಅವ್ರ ಕೈಲಿ ಮಾಡಿಸ್ಬೇಕಾ?" ಎಂದು ನೀನು ರೇಗಿದೆ. ನನಗೆ ರದ್ದಿ ಬೇಕಿರಲಿಲ್ಲ, ಗಂಟು ಬೇಕಿತ್ತು. ಅವರೂ ಎಂಟರ ಅಂಕಿಯನ್ನೇ ಹಾಕಿದರು. ಬಾಲವನ್ನು ಮಾತ್ರ ಹೊರಗೆ ಬಿಟ್ಟು, ಅದಕ್ಕೊಂದು ಪುಟ್ಟ ಗಂಟು ಹಾಕಿ ಬಿಗಿದರು.

"ಬಾಲ ಯಾಕೆ ಹೊರಗೆ ಬಿಟ್ರಿ?" ಎಂದು ಕೇಳಿದೆ.

"ಅಭ್ಯಾಸ ಅತ್ತಿಗೆ. ಕೈ ತನ್ನಷ್ಟಕ್ಕೆ ತಾನು ಮಾಡುತ್ತೆ. ಒಬ್ಬೊಬ್ರದ್ದು ಒಂದೊಂದು ಥರ. ಕತ್ತಲಲ್ಲಿ ಮುಟ್ಟಿ ನೋಡಿದ್ರೂ ಯಾರು ಕಟ್ಟಿದ್ದು ಅಂತ ಹೇಳ್ಬಹುದು."

ಹಾಗಾದರೆ ಚೀಲ ಕಟ್ಟಿದ್ದು ಇವರಲ್ಲ. ಅಥವಾ ನಾನು ನೋಡುತ್ತಿದ್ದೇನೆಂದು ಬೇಕೆಂದೇ ಬೇರೆ ಥರ ಕಟ್ಟಿದರೋ? ರಾತ್ರಿ ಊಟ ಸೇರಲಿಲ್ಲ. ತಲೆನೋವು ಎಂದು ನಿನಗೆ ಸುಳ್ಳು ಹೇಳಿದೆ.

ಮಾರನೆಯ ದಿನ ನಡೆದದ್ದಕ್ಕೆ ನೀನಿನ್ನೂ ಮುಖ ಊದಿಸಿಕೊಂಡಿದ್ದೀಯ. ನೀನು ಮಲಗುವ ಚೀಲವನ್ನು ಸುತ್ತಿ ಕಟ್ಟುತ್ತಿದ್ದೆ. ನಾನು ಬಟ್ಟೆ ಮಡಚುತ್ತಾ ನೋಡಿದೆ. ಎಂಟರ ಅಂಕಿ, ಬಾಲ ತಿರುಗಿಸಿ ಹೊಟ್ಟೆಯೊಳಗೆ. "ಅಟ್ಟ ಹತ್ತಿದ್ಯಾ ನೀನು? ಅಪ್ಪನ ಚೀಲ ಮುಟ್ಟಿದ್ಯಾ?" ಎಂದು ಹೇಗೆ ಕಿರುಚಿದೆನೋ, ನಿನ್ನ ಕಣ್ಣಲ್ಲಿ ನೀರು ಬಂತು.

"ನಾನ್ಯಾಕೆ ಮುಟ್ಲಿ? ಇಳೀದೇ ಇದ್ದೋರ ಚೀಲ ಬಿಚ್ಚಬಾರ್ದು ಅಂತ ನನಗೆ ಗೊತ್ತಿಲ್ವಾ? ನಿನಗೆ ನನ್ನ ಮೇಲೂ ಅನುಮಾನ!"

"ಮತ್ತೆ ಈ ಗಂಟು ಎಲ್ಲಿ ಕಲಿತೆ? ಮಾಮ ಹೀಗೆ ಕಟ್ಟಲ್ಲ."

"ಅಪ್ಪ ಕಲಿಸಿದ್ದು. ನನ್ನ ಶೂ ಲೇಸಲ್ಲಿ. ಬಾಲ ಹೊರಗಿದ್ರೆ ಬೆಕ್ಕು ಎಳೆಯುತ್ತೆ ಅಂತಿದ್ರು. ಮಾಮ ಎಷ್ಟು ಬೈದ್ರೂ ನನ್ನ ಕೈಗೆ ಇದೇ ಬರುತ್ತೆ."

ಒಲೆಯ ಮೇಲೆ ಏನೋ ಇದೆ ಎಂದು ನಾನು ಅಡುಗೆಮನೆಗೆ ಹೋದೆನಲ್ಲ, ಒಲೆ ಆರಿತ್ತು ಗುಬ್ಬಿ. ಅಪ್ಪನ ನೆನಪಾಗಿ ಅಳುತ್ತಿದ್ದೇನೆಂದು ನೀನು ಸುಮ್ಮನಿದ್ದೆ. ನಾನು ಅಳುತ್ತಿರಲಿಲ್ಲ. ಸಿಂಕಿನ ಅಂಚು ಹಿಡಿದುಕೊಂಡು ಯೋಚಿಸುತ್ತಿದ್ದೆ. ಆ ಗಂಟು ಬರುವುದು ಇಬ್ಬರಿಗೆ. ನೀನು ಕಟ್ಟಿಲ್ಲ. ನಿಮ್ಮಪ್ಪ ಕಟ್ಟಿದ್ದಾರೆ ಎಂದರೆ ಮೊದಲು ಅವರೇ ಬಿಚ್ಚಿದ್ದಾರೆ. ಬಿಚ್ಚಿದ್ದಾರೆ ಎಂದರೆ ಅವರು ಇಳಿದು ಬಂದಿದ್ದಾರೆ.

ನೀನು ಬ್ಯಾಟರಿ ತರಲು ಅಂಗಡಿಗೆ ಹೋದಾಗ ಮತ್ತೆ ಅಟ್ಟ ಹತ್ತಿ ಚೀಲ ಬಿಚ್ಚಿದೆ. ಇಳಿದು ಬಂದವರದು ತಾನೇ, ಬಿಚ್ಚಿದರೆ ತಪ್ಪಿಲ್ಲ. ನಾನು ಇಸ್ತ್ರಿ ಮಾಡಿ ಇಟ್ಟಿದ್ದ ನೀಲಿ ಅಂಗಿ ಇರಲಿಲ್ಲ. ಅದರ ಜಾಗದಲ್ಲಿ ಅವರು ಮೇಲೆ ಹಾಕಿಕೊಂಡು ಹೋದ ದಪ್ಪ ಉಣ್ಣೆಯ ಅಂಗಿ, ಕೊಳಕಾದದ್ದು, ನೀಟಾಗಿ ಮಡಚಿತ್ತು. ಸೋಪು ಬಳಸಿ ಒಂದು ಕಡೆ ಸವೆದಿತ್ತು, ಒಣಗಿ ಬಿರುಕು ಬಿಟ್ಟು, ಅದಕ್ಕೊಂದು ಗಿಡ್ಡ ಕೂದಲು ಅಂಟಿತ್ತು. ಬೀಗದ ಕೈ ಇತ್ತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ, ತಕ್ಷಣ ಮುಚ್ಚಿ ಪಕ್ಕಕ್ಕಿಟ್ಟೆ.

ಸೋಪನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮಾಮನ ಅಂಗಡಿಗೆ ಹೋದೆ. ಬೂಟಿಗೆ ಹೊಸ ಅಟ್ಟೆ ಅಂಟಿಸುತ್ತಾ ಕೂತಿದ್ದರು, ಅಂಗಡಿ ತುಂಬಾ ಗೋಂದಿನ ವಾಸನೆ. ಎದುರಿನ ಹಲಗೆಯ ಮೇಲೆ ಸೋಪು ಇಟ್ಟೆ. ಅವರು ಅದನ್ನು ನೋಡಿದರು. ಆಮೇಲೆ ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು.

"ಇಳಿದು ಬಂದಿದ್ರು ಅಲ್ವಾ?" ಎಂದೆ.

"ಹೂಂ ಅತ್ತಿಗೆ."

"ನೀವು ಇಬ್ರೂ ಒಟ್ಟಿಗೆ ಇರ್ಲಿಲ್ಲ."

"ಇಲ್ಲ." ಕೈಯಲ್ಲಿದ್ದ ಬೂಟು ಕೆಳಗಿಟ್ಟರು. "ನನ್ನ ಕಾಲು ಮರಗಟ್ಟಿತ್ತು, ನಡೆಯೋಕೆ ಆಗ್ಲಿಲ್ಲ. ಮೇಲಿನ ಡೇರೆಯಲ್ಲಿ ನನ್ನ ಮಲಗಿಸಿ, ಜನ ಕರ್ಕೊಂಡು ಬರ್ತೀನಿ ಅಂತ ಅವನು ಇಳಿದ. ಕೆಳಗಿದ್ದವ್ರಲ್ಲಿ ಒಬ್ರಿಗೂ ಎದ್ದು ನಿಲ್ಲೋ ಶಕ್ತಿ ಇರ್ಲಿಲ್ಲವಂತೆ. ಹವಾ ತಿಳಿಯಾಗೋವರೆಗೂ ಯಾರೂ ಮೇಲೆ ಹೋಗೋ ಹಾಗಿಲ್ಲ ಅಂದ್ರಂತೆ ತಂಡದ ಮುಖ್ಯಸ್ಥರು. ಅವನೂ ಸರಿ ಅಂದ. ಚೀಲ ಬಿಚ್ಚಿದ. ಮುಖ ತೊಳೆದ, ಅಂಗಿ ಬದಲಾಯಿಸಿದ. ಒಪ್ಕೊಂಡ ಅಂತ್ಲೇ ಎಲ್ರೂ ಅಂದ್ಕೊಂಡ್ರು. ಆಗ ಮೇಲಿನಿಂದ ಟಾರ್ಚ್ ಬೆಳಕು ಕಾಣಿಸ್ತಂತೆ."

"ನೀವು ತೋರಿಸಿದ್ದಾ?"

"ನಾನೇ. ಬದುಕಿದ್ದೀನಿ ಅಂತ ಹೇಳೋಕೆ ಆಡಿಸ್ದೆ. ಆಡಿಸ್ದೇ ಇದ್ದಿದ್ರೆ ಅವನು ಮನೆಗೆ ಬರ್ತಿದ್ದ ಅತ್ತಿಗೆ."

ನಿಮ್ಮಪ್ಪ ಮತ್ತೆ ಹತ್ತಿದರು. ಇವರನ್ನು ಹಗ್ಗಕ್ಕೆ ಕಟ್ಟಿ, ಊರಿಕೊಳ್ಳಲು ತಮ್ಮ ಹಿಮಕೊಡಲಿಯನ್ನೂ ಕೊಟ್ಟು, ಕಡಿದಾದ ಜಾಗಗಳಲ್ಲಿ ಮೇಲಿನಿಂದ ಸ್ವಲ್ಪ ಸ್ವಲ್ಪವೇ ಇಳಿಬಿಟ್ಟರು. ಕೊನೆಯ ಇಳಿಜಾರಿನಲ್ಲಿ ಇವರು ಕೆಳಗೆ ತಲುಪಿ ಹಗ್ಗ ಎಳೆದು ಸನ್ನೆ ಮಾಡಿದಾಗ, ಮೇಲೆ ಹಿಮ ಬಿರುಕು ಬಿಟ್ಟು ಜಾರಿತು. ಹಗ್ಗದ ಆ ತುದಿ ಖಾಲಿ ಬಂತಂತೆ. ಇದನ್ನು ಹೇಳುವಾಗ ಮಾಮ ಗೋಂದಿನ ಕೈಯಲ್ಲೇ ಮುಖ ಒರೆಸಿಕೊಂಡರು.

"ಯಾಕೆ ಸುಳ್ಳು ಹೇಳಿದ್ರಿ?"

"ಕ್ಷೇಮವಾಗಿ ಇಳಿದು ಬಂದು ಮತ್ತೆ ಹೋದ ಅಂದ್ರೆ ಆ ಹೆಂಗಸು ತಡ್ಕೊಳಲ್ಲ, ಹೇಳ್ಬೇಡ ಅಂದ್ರು ಮುಖ್ಯಸ್ಥರು. ನನಗೂ ಅದೇ ಅನುಕೂಲ ಆಯ್ತು. ನನ್ನಿಂದ ಅಂತ ಹೇಳೋಕೆ ಬಾಯಿ ಬರ್ಲಿಲ್ಲ."

ನನಗೆ ಬಂದ ಸಿಟ್ಟು ಎಂಥದ್ದು ಎಂದರೆ ಆ ಬೂಟನ್ನೇ ಎತ್ತಿ ಅವರ ತಲೆಗೆ ಹಾಕಬೇಕು ಎನಿಸಿತು. "ನನ್ನ ಮಗಳು ನಿಮ್ಮ ಹಗ್ಗ ಕಟ್ಟಿಕೊಳ್ಳಲ್ಲ" ಎಂದೆ. ಅವರು ವಾದ ಮಾಡಲಿಲ್ಲ. "ಸರಿ ಅತ್ತಿಗೆ. ಅವಳಿಗೆ ಬೇರೆ ಒಳ್ಳೆಯವರನ್ನ ಗೊತ್ತು ಮಾಡ್ತೀನಿ. ನಾನು ಕೆಳಗೇ ಇರ್ತೀನಿ" ಎಂದರು. ಎದ್ದೆ. ಬಾಗಿಲ ಹತ್ತಿರ ಬಂದು, ತಡೆಯಲಾರದೆ ತಿರುಗಿ ಕೇಳಿದೆ.

"ಅವ್ರು ಮೇಲಿದ್ದು, ನೀವು ಇಳಿದು ಅಂಗಿ ಬದಲಾಯಿಸಿ ಕೂತಿದ್ದಿದ್ರೆ, ನೀವು ಹೋಗ್ತಿದ್ರಾ?"

"ಹೋಗ್ತಿದ್ದೆ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು ಗುಬ್ಬಿ. ನಾನು ನೇರ ಮನೆಗೆ ಬಂದು ನಿನ್ನ ಮುಂದೆ ಎಲ್ಲ ಸುರಿದು, ಗಂಟುಮೂಟೆ ಬಿಚ್ಚಿಸುತ್ತಿದ್ದೆ. ಅವರು, "ಗೊತ್ತಿಲ್ಲ ಅತ್ತಿಗೆ. ಇಷ್ಟು ವರ್ಷ ದಿನಾ ಕೇಳ್ಕೋತೀನಿ. ಗೊತ್ತಿಲ್ಲ" ಎಂದರು.

ಎಷ್ಟು ಅಲ್ಲಾಡಿಸಿದರೂ ಒಳಗೆ ಬೇರೆ ಸದ್ದಿಲ್ಲದ ಮಾತನ್ನು ಆ ಮನುಷ್ಯನ ಬಾಯಿಂದ ಕೇಳಿದ್ದು ಅದೇ ಮೊದಲು. ಮತ್ತೆ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಸೋಪನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡೆ. ಹೊರಡುವಾಗ ಹೇಳಿದೆ: "ನೀವೇ ಕರ್ಕೊಂಡು ಹೋಗಿ. ಅವಳು ಇಳಿದು ಬರೋವರೆಗೂ ಇದನ್ನ ಅವಳಿಗೆ ಹೇಳಕೂಡದು." ಅವರು ತಲೆಯಾಡಿಸಿದರು. ಅವತ್ತಿನ ಸಂಜೆ ಮಾಮ ನಮ್ಮ ಮನೆಯಲ್ಲಿ ಫೋಟೋಕ್ಕೆ ಎದುರಾಗಿ ಕೂತು ಕಾಫಿ ಕುಡಿದರು. "ಇವತ್ತೇನು ಮಾಮ, ಜಾಗ ಬದಲಾಯಿಸಿದ್ರಿ?" ಎಂದು ನೀನು ಕೇಳಿದೆ. ಅಂದರೆ ನೀನೂ ಗಮನಿಸಿದ್ದೆ, ಕಳ್ಳಿ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹಗ್ಗದ ಆ ತುದಿಯಲ್ಲಿರುವವರ ಬಗ್ಗೆ ಅನುಮಾನ ಇಟ್ಟುಕೊಂಡು ನೀನು ಮೇಲೆ ಹೋಗುವುದು ಬೇಡ ಎಂದು. ಬ್ರಷ್ಷಿನ ಹಿಡಿಗೂ ಜಾಗವಿಲ್ಲದ ಚೀಲದಲ್ಲಿ ಇದನ್ನು ಎಲ್ಲಿ ಹೊರಿಸಲಿ? ಅನುಮಾನಪಡುವ ಕೆಲಸ ನನಗಿರಲಿ. ಹಾಗೆಂದು ನಾನು ಪೂರ್ತಿ ಸರಿಹೋಗಿದ್ದೇನೆ ಎಂದುಕೊಳ್ಳಬೇಡ. ನಿನ್ನೆಯೂ ಅವರು ತಂದ ಹೊಸ ಹಗ್ಗವನ್ನು ನೀನು ಮಲಗಿದ್ದಾಗ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಲ್ಲಿ ಸವರಿ ನೋಡಿದೆ. ಚೆನ್ನಾಗಿದೆ.

ಈಗ ಈ ಚೀಲದ ವಿಷಯ. ಬಿಚ್ಚುವಾಗ ಕಷ್ಟವಾಗಿರಬೇಕು, ಬೈದುಕೊಂಡಿರುತ್ತೀಯ. ಈ ಸಲ ದಾರ ಹಾಕಿಲ್ಲ, ಗಂಟು ಕಟ್ಟಿಲ್ಲ. ದೂರದೂರಿಗೆ ಹೋಗುವ ಪಾರ್ಸಲ್ಲಿನ ಹಾಗೆ ಬಾಯಿಯನ್ನು ಸುತ್ತಲೂ ಹೊಲಿದು ಅರಗು ಹಾಕಿದ್ದೇನೆ. ಕತ್ತರಿಸಿಯೇ ತೆಗೆಯಬೇಕು. ಒಮ್ಮೆ ಕತ್ತರಿಸಿದರೆ ಮತ್ತೆ ಕಟ್ಟಿಡಲು ಆಗದು, ಬೇಕೆಂದೇ ಹಾಗೆ ಮಾಡಿದ್ದು. ಅಂಗಿ ಹಳದಿಯದು, ನಿನಗೆ ಇಷ್ಟವಿಲ್ಲ ಎಂದು ಗೊತ್ತು, ದೂರದಿಂದ ಕಾಣಿಸಲಿ ಎಂದು ಇಟ್ಟೆ. ಬೀಗದ ಕೈ ನಿಮ್ಮಪ್ಪನದೇ. ಬೀಗಕ್ಕೆ ಎಣ್ಣೆ ಬಿಟ್ಟಿದ್ದೇನೆ, ಸಲೀಸಾಗಿ ತಿರುಗುತ್ತದೆ.

ನೂರು ವರ್ಷ ಬಾಳು ಮಗಳೇ. ನಿನ್ನ ಕಾಲು ಗಟ್ಟಿಯಿರಲಿ, ಕೈ ಬೆಚ್ಚಗಿರಲಿ. ಹತ್ತಿದ ಪ್ರತಿ ಸಲವೂ ಇಳಿದು ಬಾ. ಮಾಮನಿಗೆ ನನ್ನ ನಮಸ್ಕಾರ ಹೇಳು. ಅವರ ಇಳಿದ ಮೇಲಿನ ಚೀಲವನ್ನು ಇಷ್ಟು ವರ್ಷ ಯಾರೂ ತುಂಬಿದವರಿಲ್ಲ ಎಂದು ಮೊನ್ನೆ ಗೊತ್ತಾಯಿತು, ಈ ಸಲ ನಾನೇ ತುಂಬಿದ್ದೇನೆ. ಅದನ್ನೂ ಹೊಲಿದಿದ್ದೇನೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿಮ್ಮಪ್ಪ ಬಿಸ್ಕತ್ತಿನ ಡಬ್ಬಿಯಲ್ಲಿ ಅರ್ಧ ತಿಂದಿದ್ದರು. ಉಳಿದದ್ದನ್ನು ಕಾಗದ ಮುಚ್ಚಿ ಹಾಗೇ ಇಟ್ಟಿದ್ದರು, ಈಗ ಹಿಟ್ಟಾಗಿದೆ. ಗಂಟು ಕಟ್ಟಿ ಚೀಲವನ್ನು ಅಡುಗೆಯವರ ಕೈಗೆ ಕೊಡುವಾಗ, "ಇನ್ನೂ ಅರ್ಧ ಇದೆ, ಯಾರಿಗೂ ಕೊಡ್ಬೇಡ, ಬಂದು ತಿಂತೀನಿ" ಎಂದರಂತೆ. ಅವರಿಗೆ ಬೇರೆ ದಾರಿ ಇರಲಿಲ್ಲ ಎಂದುಕೊಂಡು ನಾನು ಹನ್ನೆರಡು ವರ್ಷ ಬದುಕಿದೆ. ಬೆಟ್ಟವನ್ನು ಬೈದುಕೊಂಡು ಬದುಕಿದೆ. ಈಗ ನೋಡಿದರೆ ನಮ್ಮ ಮನೆಯ ಬೀಗದ ಕೈ ಅವರ ಕೈಯಲ್ಲೇ ಇತ್ತು, ನೀಲಿ ಅಂಗಿ ಮೈಮೇಲಿತ್ತು. ನನ್ನನ್ನೂ ನಿನ್ನನ್ನೂ ಆ ಬೆಳಕನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿ ಎದ್ದು ಹೋದರು. ಅವರ ಮೇಲೆ ನನಗೆ ತುಂಬಾ ಸಿಟ್ಟಿದೆ ಗುಬ್ಬಿ. ಹೋಗದೆ ಇದ್ದಿದ್ದರೆ ಅವರ ಮುಖ ನೋಡುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.

ನೀನು ಇದನ್ನು ಓದುವಾಗ ಮಾಮ ನಿನ್ನ ಪಕ್ಕದಲ್ಲೇ ಇರಲಿ ಎಂದು ಬೇಡಿಕೊಳ್ಳುತ್ತೇನೆ. ಅವರು ಪಕ್ಕದಲ್ಲಿಲ್ಲದೆ ಮೇಲೆಲ್ಲೋ ಬೆಳಕು ಕಂಡರೆ ಹೋಗಬೇಡ ಎಂದು ಬರೆದು ಹೊಡೆದುಹಾಕಿದೆ, ಹೋಗು ಎಂದು ಬರೆದು ಅದನ್ನೂ ಹೊಡೆದುಹಾಕಿದೆ, ಮೇಲಿನ ಮಸಿ ಅದೇ. ಬಿಸ್ಕತ್ತು ನಾನೇ ಮಾಡಿದ್ದು. ಉಳಿಸಬೇಡ, ಎಲ್ಲ ತಿನ್ನು.